ಲಾಲ್‌ಬಾಗ್ ಹಾಗೂ ಟಿಪ್ಪು ಸುಲ್ತಾನ್ ಬೇಸಿಗೆ ಅರಮನೆ: ಕುಟುಂಬಸಮೇತ ಒಂದು ದಿನದ ಭೇಟಿಗೆ ಸಾರ್ವಜನಿಕರಿಗೆ ಮಾಹಿತಿ

ಬಸವನಗುಡಿ, ಚಾಮರಾಜಪೇಟೆ ಮತ್ತು ಮಲ್ಲೇಶ್ವರದಂತಹ ಹಳೆಯ ಬಡಾವಣೆಗಳ ನಾಗರಿಕರಿಗೆ ಲಾಲ್‌ಬಾಗ್ ಸಸ್ಯತೋಟವನ್ನು ಪರಿಚಯಿಸುವ ಅಗತ್ಯವಿರುವುದಿಲ್ಲ. ಮುಂಜಾನೆಯ ನಡಿಗೆ, ಫಲಪುಷ್ಪ ಪ್ರದರ್ಶನ, ಊರಿನಿಂದ ಬಂದ ನೆಂಟರಿಷ್ಟರನ್ನು ಸುತ್ತಾಡಿಸುವುದು, ಹೀಗೆ ಒಂದಲ್ಲ ಒಂದು ಕಾರಣಕ್ಕೆ ಪ್ರತಿಯೊಂದು ಮನೆಯವರೂ ಅಲ್ಲಿಗೆ ಹೋಗಿಯೇ ಇರುತ್ತಾರೆ. ಆದರೆ ಆ ತೋಟವನ್ನು ಪ್ರಾರಂಭಿಸಿದ ಹೈದರ್ ಅಲಿ ಹಾಗೂ ಅದನ್ನು ಬೆಳೆಸಿದ ಟಿಪ್ಪು ಸುಲ್ತಾನ್ ಕಟ್ಟಿಸಿದ ಬೇಸಿಗೆ ಅರಮನೆಯು ಕೃಷ್ಣರಾಜೇಂದ್ರ ಮಾರುಕಟ್ಟೆಯ ಸಮೀಪ, ಚಾಮರಾಜಪೇಟೆಯ ಅಂಚಿನಲ್ಲಿ ಇಂದಿಗೂ ನಿಂತಿದ್ದು, ಅದರ ಮುಂದೆ ದಿನನಿತ್ಯ ಬಸ್ಸಿನಲ್ಲಿ ಹಾದುಹೋಗುವವರಲ್ಲಿ ಅನೇಕರು ಒಮ್ಮೆಯೂ ಒಳಗೆ ಪ್ರವೇಶಿಸಿರುವುದಿಲ್ಲ. ಪ್ರವೇಶಿಸಿದವರೂ ಹತ್ತು ನಿಮಿಷಗಳಲ್ಲಿ ಒಂದು ಸುತ್ತು ಹಾಕಿ, ಒಳಗೆ ನೋಡಲು ಏನೂ ಇಲ್ಲವೆಂದು ಹೊರಬರುವುದು ಸಾಮಾನ್ಯವಾಗಿರುತ್ತದೆ.

ಈ ಅಭಿಪ್ರಾಯವು ಸರಿಯಲ್ಲ. ಅರಮನೆಯಲ್ಲಿ ಮಂಚ, ತೊಟ್ಟಿಲು, ಪಾತ್ರೆಪಡಗಗಳನ್ನು ನಿರೀಕ್ಷಿಸಿ ಹೋದವರಿಗೆ ನಿರಾಶೆಯಾಗುವುದು ಸಹಜ. ಸದರಿ ಕಟ್ಟಡವು ಮುಖ್ಯವಾಗಿ ವಾಸದ ಮನೆಯಾಗಿರದೆ, ಪ್ರಜೆಗಳು ಬಂದು ನಿಲ್ಲುತ್ತಿದ್ದ ಕಚೇರಿಯಾಗಿತ್ತು. ಈ ಅಂಶವನ್ನು ಮೊದಲೇ ತಿಳಿದು ಹೋದಲ್ಲಿ ಬರಿದಾಗಿ ಕಾಣುವ ಅಂಗಳವೇ ಅಲ್ಲಿನ ಅತ್ಯಂತ ಮಹತ್ವದ ಸ್ಥಳವೆಂಬುದು ಮನವರಿಕೆಯಾಗುತ್ತದೆ. ತೋಟ ಹಾಗೂ ಅರಮನೆ ಎರಡನ್ನೂ ಒಂದೇ ದಿನದಲ್ಲಿ, ವಯಸ್ಸಾದವರಿಗೆ ಆಯಾಸವಾಗದಂತೆ ವೀಕ್ಷಿಸಲು ಅನುಕೂಲವಾಗುವ ಮಾಹಿತಿಯನ್ನು ಇಲ್ಲಿ ನೀಡಲಾಗಿದೆ.

ಹೊರಡುವ ಮುನ್ನ

ಲಾಲ್‌ಬಾಗ್ ರಾಜ್ಯ ತೋಟಗಾರಿಕೆ ಇಲಾಖೆಯ ಅಧೀನದಲ್ಲಿದ್ದು, ಬೇಸಿಗೆ ಅರಮನೆಯು ಕೇಂದ್ರ ಸರ್ಕಾರದ ಭಾರತೀಯ ಪುರಾತತ್ವ ಸರ್ವೇಕ್ಷಣ ಇಲಾಖೆಯ ಸಂರಕ್ಷಣೆಯಲ್ಲಿರುತ್ತದೆ. ಆದ್ದರಿಂದ ಎರಡಕ್ಕೂ ಪ್ರತ್ಯೇಕ ಟಿಕೆಟ್ ಪಡೆಯಬೇಕಾಗುತ್ತದೆ. ಒಂದರ ಟಿಕೆಟ್ ಇನ್ನೊಂದಕ್ಕೆ ಅನ್ವಯಿಸುವುದಿಲ್ಲ. ಪ್ರವೇಶ ಶುಲ್ಕವು ಕಾಲಕಾಲಕ್ಕೆ ಪರಿಷ್ಕರಣೆಗೊಳ್ಳುವುದರಿಂದ ಆಯಾ ಕೌಂಟರಿನ ಫಲಕದಲ್ಲಿ ನಮೂದಿಸಿರುವ ದರವನ್ನೇ ಪರಿಗಣಿಸತಕ್ಕದ್ದು. ಪುರಾತತ್ವ ಸರ್ವೇಕ್ಷಣ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಶುಲ್ಕವಿರುವುದಿಲ್ಲ. ಲಾಲ್‌ಬಾಗ್ ಬೆಳಿಗ್ಗೆ 6 ಗಂಟೆಗೆ ತೆರೆಯುತ್ತದೆ.

ನಮ್ಮ ಮೆಟ್ರೊ ಹಸಿರು ಮಾರ್ಗದ ಸಂಪಿಗೆ ರಸ್ತೆಯಿಂದ ದಕ್ಷಿಣದ ಕಡೆಗಿನ ಭಾಗವು 2017ರ ಜೂನ್ ತಿಂಗಳಿನಲ್ಲಿ ಪ್ರಾರಂಭವಾದ ನಂತರ ಈ ಪ್ರವಾಸ ಬಹಳ ಸುಲಭವಾಗಿದೆ. ಮಲ್ಲೇಶ್ವರದವರು ಸಂಪಿಗೆ ರಸ್ತೆ ನಿಲ್ದಾಣದಲ್ಲಿ ರೈಲು ಹತ್ತಿದರೆ ಕೃಷ್ಣರಾಜೇಂದ್ರ ಮಾರುಕಟ್ಟೆ, ನ್ಯಾಷನಲ್ ಕಾಲೇಜು, ಲಾಲ್‌ಬಾಗ್ ನಿಲ್ದಾಣಗಳು ಇದೇ ಕ್ರಮದಲ್ಲಿ ಬರುತ್ತವೆ. ಅಂದರೆ ಅರಮನೆಯ ನಿಲ್ದಾಣಕ್ಕೂ ತೋಟದ ನಿಲ್ದಾಣಕ್ಕೂ ನಡುವೆ ಇರುವುದು ಒಂದೇ ನಿಲ್ದಾಣ. ಮೊದಲು ನೇರವಾಗಿ ಲಾಲ್‌ಬಾಗಿಗೆ ಹೋಗಿ, ಹಿಂದಿರುಗುವಾಗ ಬಸವನಗುಡಿಯಲ್ಲಿ ಉಪಾಹಾರ ಮುಗಿಸಿಕೊಂಡು, ಬಿಸಿಲೇರಿದ ಮೇಲೆ ಅರಮನೆಯನ್ನು ನೋಡುವುದು ಸೂಕ್ತ. ಬೇಸಿಗೆ ಅರಮನೆಯನ್ನು ಹೊರಗೆ ಬಿಸಿಲಿರುವಾಗ ಪ್ರವೇಶಿಸಿದರೆ ಅದನ್ನು ಏಕೆ ಹಾಗೆ ಕಟ್ಟಲಾಯಿತೆಂಬುದು ಬೇರೆ ವಿವರಣೆಯಿಲ್ಲದೆ ತಿಳಿಯುತ್ತದೆ. ಭಾನುವಾರಗಳಂದು ಮೊದಲ ಮೆಟ್ರೊ ರೈಲು ಇತರ ದಿನಗಳಿಗಿಂತ ತಡವಾಗಿ ಹೊರಡುವುದನ್ನು ಗಮನದಲ್ಲಿಟ್ಟುಕೊಳ್ಳಬೇಕು.

ಗಣರಾಜ್ಯೋತ್ಸವ ಹಾಗೂ ಸ್ವಾತಂತ್ರ್ಯ ದಿನಾಚರಣೆಯ ಸಂದರ್ಭಗಳಲ್ಲಿ ಲಾಲ್‌ಬಾಗಿನಲ್ಲಿ ಫಲಪುಷ್ಪ ಪ್ರದರ್ಶನ ಏರ್ಪಡುತ್ತದೆ. ಪ್ರದರ್ಶನ ನೋಡುವುದೇ ಉದ್ದೇಶವಾಗಿದ್ದಲ್ಲಿ ಆ ದಿನವನ್ನು ಅದಕ್ಕೇ ಮೀಸಲಿಡುವುದು ಒಳಿತು. ಆ ಜನಸಂದಣಿಯಲ್ಲಿ ಸರದಿಯಲ್ಲಿ ನಿಂತು ಹೊರಬಂದ ಮೇಲೆ ಅರಮನೆಯನ್ನು ನೋಡುವ ಉತ್ಸಾಹ ಮಕ್ಕಳಲ್ಲಿಯೂ ಉಳಿಯುವುದಿಲ್ಲ.

ತೋಟ

ಉದಾಹರಣೆಗೆ ಅಜ್ಜಿ, ತಂದೆ, ತಾಯಿ ಹಾಗೂ ಶಾಲೆಗೆ ಹೋಗುವ ಇಬ್ಬರು ಮಕ್ಕಳಿರುವ ಮಲ್ಲೇಶ್ವರದ ಒಂದು ಕುಟುಂಬವನ್ನು ಪರಿಗಣಿಸಬಹುದು. ಇವರು ಲಾಲ್‌ಬಾಗ್ ನಿಲ್ದಾಣದಲ್ಲಿ ಇಳಿದು ಪಶ್ಚಿಮ ದ್ವಾರದಿಂದ ಒಳಗೆ ಬಂದಾಗ ಮಕ್ಕಳು ಕೇಳುವ ಮೊದಲ ಪ್ರಶ್ನೆ, ಇದನ್ನೆಲ್ಲ ಯಾರು ನೆಟ್ಟರು ಎಂಬುದಾಗಿರುತ್ತದೆ. ಇದಕ್ಕೆ ಒಬ್ಬರ ಹೆಸರನ್ನು ಮಾತ್ರ ಹೇಳಿದರೆ ಉತ್ತರ ಅಪೂರ್ಣವಾಗುತ್ತದೆ.

ಹೈದರ್ ಅಲಿಯವರು 1760ರಲ್ಲಿ ತೋಟವನ್ನು ಪ್ರಾರಂಭಿಸಿದಾಗ ಅದರ ವಿಸ್ತೀರ್ಣ ಸುಮಾರು 40 ಎಕರೆಯಷ್ಟಿದ್ದಿತು. ಶಿರಾದಲ್ಲಿದ್ದ ಮೊಘಲ್ ಶೈಲಿಯ ತೋಟ ಇದಕ್ಕೆ ಪ್ರೇರಣೆಯೆಂದು ಹೇಳಲಾಗುತ್ತದೆ. ಟಿಪ್ಪು ಸುಲ್ತಾನರು ದೂರದ ನಾಡುಗಳಿಂದ ಬೀಜ ಹಾಗೂ ಸಸಿಗಳನ್ನು ತರಿಸಿ ತೋಟವನ್ನು ಬೆಳೆಸಿದರು. ಟಿಪ್ಪುವಿನ ಮರಣಾನಂತರ, 1800ರ ಮೇ ತಿಂಗಳಿನಲ್ಲಿ, ಬ್ರಿಟಿಷರ ಪರವಾಗಿ ಸಮೀಕ್ಷೆಗೆ ಬಂದ ವೈದ್ಯ ಫ್ರಾನ್ಸಿಸ್ ಬುಕಾನನ್ ಇಲ್ಲಿನ ತೋಟಗಳನ್ನು ಕಣ್ಣಾರೆ ಕಂಡು ಬರೆದಿಟ್ಟಿದ್ದಾನೆ. ಅದರ ಪ್ರಕಾರ ತೋಟವು ಚೌಕಾಕಾರದ ಮಡಿಗಳಾಗಿ ವಿಂಗಡಣೆಗೊಂಡಿದ್ದು, ನಡುವಣ ದಾರಿಗಳ ಎರಡೂ ಬದಿಯಲ್ಲಿ ಸೈಪ್ರೆಸ್ ಮರಗಳ ಸಾಲುಗಳಿದ್ದವು. ಒಂದು ಚೌಕದಲ್ಲಿ ಗುಲಾಬಿ ಮಾತ್ರ, ಇನ್ನೊಂದರಲ್ಲಿ ದಾಳಿಂಬೆ ಮಾತ್ರ, ಹೀಗೆ ಒಂದೊಂದು ಜಾತಿಗೆ ಒಂದೊಂದು ಚೌಕ. ಇಂದು ನಡೆದಾಡುವವರಿಗೆ ಆ ಚೌಕಗಳು ಕಾಣಸಿಗುವುದಿಲ್ಲ.

ತೋಟವು 1856ರಲ್ಲಿ ಸರ್ಕಾರಿ ಸಸ್ಯತೋಟವಾಯಿತು. 1874ರಿಂದ 1908ರವರೆಗೆ ಮೇಲ್ವಿಚಾರಕರಾಗಿದ್ದ ಜಾನ್ ಕ್ಯಾಮೆರಾನ್ ಅವರ ಕಾಲದಲ್ಲಿ ವಿದೇಶಿ ತರಕಾರಿಗಳನ್ನು ಇಲ್ಲಿನ ಮಣ್ಣಿಗೆ ಒಗ್ಗಿಸುವ ಕೆಲಸ ವ್ಯಾಪಕವಾಗಿ ನಡೆಯಿತು. ಅಡುಗೆಮನೆಗಳಲ್ಲಿ ಸಾಂಬಾರಿಗೂ ಪಲ್ಯಕ್ಕೂ ಬಳಸುವ ಸೀಮೆಬದನೆಕಾಯಿ ಈ ತೋಟದ ಮೂಲಕವೇ ಜನಸಾಮಾನ್ಯರನ್ನು ತಲುಪಿತು. ತಮಿಳುನಾಡಿನಲ್ಲಿ ಅದಕ್ಕೆ ಇಂದಿಗೂ ಬೆಂಗಳೂರು ಕತ್ತರಿಕಾಯಿ ಎಂದೇ ಹೆಸರು. ಅಜ್ಜಿಯವರಿಗೆ ಗಾಜಿನ ಮನೆಗಿಂತ ಈ ಸಂಗತಿಯೇ ಹೆಚ್ಚು ಆಸಕ್ತಿಕರವಾಗಬಹುದು. ನಂತರ ಜರ್ಮನಿಯಿಂದ ಬಂದ ಜಿ.ಎಚ್. ಕೃಂಬಿಗಲ್, ಆ ಬಳಿಕ ಎಚ್.ಸಿ. ಜವರಾಯ, ಎಂ.ಎಚ್. ಮರಿಗೌಡ ಮೊದಲಾದವರು ತೋಟವನ್ನು ವಿಸ್ತರಿಸಿದ್ದು, ಪ್ರಸ್ತುತ ಅದರ ವಿಸ್ತೀರ್ಣ 240 ಎಕರೆಗಳಾಗಿರುತ್ತದೆ.

ಗಾಜಿನ ಮನೆಗೆ 1889ರ ನವೆಂಬರ್ 30ರಂದು ಬ್ರಿಟಿಷ್ ರಾಜಕುಮಾರ ಆಲ್ಬರ್ಟ್ ವಿಕ್ಟರ್ ಅಸ್ತಿಭಾರ ಹಾಕಿದನು. ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಇದಕ್ಕೆ ಮಾದರಿ. ಆ ಮೂಲ ಕಟ್ಟಡ 1936ರಲ್ಲಿ ಬೆಂಕಿಗೆ ಆಹುತಿಯಾಗಿದ್ದು, ಬೆಂಗಳೂರಿನದು ಉಳಿದುಕೊಂಡಿದೆ. ಇದೇ ರಾಜಕುಮಾರನ ಹೆಸರನ್ನು ಬೇಸಿಗೆ ಅರಮನೆಯ ಪಕ್ಕದ ರಸ್ತೆಗೂ ಇಡಲಾಗಿದ್ದು, ಜನರು ಅದನ್ನು ಎ.ವಿ. ರಸ್ತೆ ಎನ್ನುತ್ತಿದ್ದರು. ಮುಂದೆ ಅದಕ್ಕೆ ಕರ್ನಾಟಕ ಏಕೀಕರಣದ ಹಿರಿಯರಾದ ಆಲೂರು ವೆಂಕಟರಾಯರ ಹೆಸರನ್ನು ಇಡಲಾಯಿತು. ಹೆಸರು ಬದಲಾದರೂ ಎ.ವಿ. ರಸ್ತೆ ಎಂಬ ರೂಢಿ ತಪ್ಪಲಿಲ್ಲ.

ಮಕ್ಕಳಿಗೆ ತೋಟದಲ್ಲಿ ತಪ್ಪದೆ ತೋರಿಸಬೇಕಾದದ್ದು ಬಂಡೆ. ಕೆಂಪೇಗೌಡರ ಕಾಲದ್ದೆನ್ನಲಾದ ಗೋಪುರ ನಿಂತಿರುವ ಈ ಬಂಡೆಯು ಸುಮಾರು 300 ಕೋಟಿ ವರ್ಷಗಳಷ್ಟು ಹಳೆಯದಾಗಿದ್ದು, ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣ ಇಲಾಖೆಯು 1975ರಲ್ಲಿ ಇದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಘೋಷಿಸಿದೆ. ಮಂಡಿನೋವಿರುವ ಹಿರಿಯರು ಬಂಡೆ ಹತ್ತುವ ಪ್ರಯತ್ನ ಮಾಡದೆ, ಶುಲ್ಕ ಪಾವತಿಸಿ ಬ್ಯಾಟರಿ ಚಾಲಿತ ವಾಹನದಲ್ಲಿ ತೋಟ ಸುತ್ತುವುದು ಉತ್ತಮ. ಪ್ಲಾಸ್ಟಿಕ್ ಚೀಲಗಳನ್ನು ಒಳಗೆ ಕೊಂಡೊಯ್ಯಬಾರದು. ಹೂವು, ಕಾಯಿ, ಟೊಂಗೆಗಳನ್ನು ಕೀಳುವುದು ಕರ್ನಾಟಕ ಸರ್ಕಾರಿ ಉದ್ಯಾನವನಗಳ (ಸಂರಕ್ಷಣೆ) ಅಧಿನಿಯಮ, 1975ರಡಿ ರಕ್ಷಿತವಾದ ಈ ತೋಟದಲ್ಲಿ ಸಲ್ಲದು.

ಅಲ್ಲಿಂದ ಹೊರಟು ಗಾಂಧಿ ಬಜಾರಿನಲ್ಲಿ ತಿಂಡಿ ಮುಗಿಸಬಹುದು. ಯಾವ ಹೋಟೆಲು ಎಂಬುದು ಆಯಾ ಮನೆಯವರ ಪರಂಪರೆಗೆ ಸೇರಿದ ವಿಷಯವಾಗಿದ್ದು, ಇಲ್ಲಿ ಸೂಚಿಸುವುದು ಸಮಂಜಸವಲ್ಲ. ನಂತರ ನ್ಯಾಷನಲ್ ಕಾಲೇಜು ನಿಲ್ದಾಣದಿಂದ ಮುಂದಿನ ನಿಲ್ದಾಣವೇ ಕೃಷ್ಣರಾಜೇಂದ್ರ ಮಾರುಕಟ್ಟೆ.

ಅರಮನೆ

ನಿಲ್ದಾಣದಿಂದ ಅರಮನೆಗೆ ನಡಿಗೆಯ ಅಂತರ. ಅರಮನೆಗೆ ಹೊಂದಿಕೊಂಡಂತೆ ಕೋಟೆ ವೆಂಕಟರಮಣಸ್ವಾಮಿ ದೇವಸ್ಥಾನವಿದ್ದು, ಚಿಕ್ಕದೇವರಾಜ ಒಡೆಯರ್ ಅವರು 1689ರಲ್ಲಿ ಕಟ್ಟಿಸಿದ್ದಾಗಿರುತ್ತದೆ. ದೇವರ ದರ್ಶನ ಪಡೆಯಬಯಸುವವರು ಮಧ್ಯಾಹ್ನ ಬಾಗಿಲು ಹಾಕುವುದಕ್ಕೆ ಮೊದಲು ದೇವಸ್ಥಾನಕ್ಕೆ ಹೋಗಿ, ಆಮೇಲೆ ಅರಮನೆಗೆ ಬರುವುದು ಅನುಕೂಲಕರ. ಒಡೆಯರ ದೇವಾಲಯದ ಪಕ್ಕದಲ್ಲಿಯೇ ಸುಲ್ತಾನರ ಕಚೇರಿ ನಡೆಯುತ್ತಿತ್ತೆಂಬುದನ್ನು ಮಕ್ಕಳು ಇಲ್ಲಿ ಕಣ್ಣಾರೆ ಕಾಣಬಹುದು.

ಈ ಸ್ಥಳವೆಲ್ಲವೂ ಹಿಂದೆ ಬೆಂಗಳೂರು ಕೋಟೆಯ ಒಳಭಾಗವಾಗಿದ್ದಿತು. ವಿಕ್ಟೋರಿಯಾ ಆಸ್ಪತ್ರೆ, ವೈದ್ಯಕೀಯ ಕಾಲೇಜು, ಮಾರುಕಟ್ಟೆಯ ಸುತ್ತಲಿನ ರಸ್ತೆಗಳು ಕೋಟೆಯ ನೆಲವನ್ನು ಕ್ರಮೇಣ ಆವರಿಸಿದ್ದರಿಂದ ಕೋಟೆಯ ದೆಹಲಿ ದ್ವಾರ ಹಾಗೂ ಅದಕ್ಕೆ ಹೊಂದಿಕೊಂಡ ಗೋಡೆಯ ಸ್ವಲ್ಪ ಭಾಗ ಮಾತ್ರ ಈಗ ಉಳಿದಿದೆ. ಅರಮನೆಯೂ ಹಾಗೆಯೇ ಇಡಿಯಾಗಿ ಉಳಿದಿಲ್ಲ. ಈಗ ಕಾಣುತ್ತಿರುವುದು ದೊಡ್ಡ ಸಮುಚ್ಚಯವೊಂದರ ಭಾಗ ಮಾತ್ರವಾಗಿರುತ್ತದೆ.

ಹೈದರ್ ಅಲಿಯವರು 1781ರಲ್ಲಿ ಕಟ್ಟಡವನ್ನು ಆರಂಭಿಸಿ, ಮಾರನೆಯ ವರ್ಷದ ಡಿಸೆಂಬರ್‌ನಲ್ಲಿ ನಿಧನರಾದರು. ಟಿಪ್ಪು ಸುಲ್ತಾನರು ಅದನ್ನು 1791ರಲ್ಲಿ ಪೂರ್ಣಗೊಳಿಸಿದರು. ಅದೇ ವರ್ಷದ ಮಾರ್ಚ್ 21ರಂದು ಲಾರ್ಡ್ ಕಾರ್ನ್‌ವಾಲಿಸ್‌ನ ಸೇನೆ ಬೆಂಗಳೂರು ಕೋಟೆಯನ್ನು ವಶಪಡಿಸಿಕೊಂಡಿತು. 1792ರ ಶ್ರೀರಂಗಪಟ್ಟಣ ಒಪ್ಪಂದದ ನಂತರ ಬೆಂಗಳೂರು ಟಿಪ್ಪುವಿಗೆ ಹಿಂದಿರುಗಿತಾದರೂ 1799ರ ಮೇ 4ರಂದು ಅವರು ಯುದ್ಧದಲ್ಲಿ ಮಡಿದರು. ಹತ್ತು ವರ್ಷ ಕಟ್ಟಿದ ಅರಮನೆಯನ್ನು ಪೂರ್ಣರೂಪದಲ್ಲಿ ಅನುಭವಿಸಲು ಕಟ್ಟಿಸಿದವರಿಗೆ ಅಷ್ಟೂ ವರ್ಷಗಳು ದೊರೆಯಲಿಲ್ಲ. ಇದನ್ನು ಸಂತಸದ ನೆಲೆಯೆಂದೂ ಸ್ವರ್ಗವೂ ಅಸೂಯೆ ಪಡುವಂತಹದೆಂದೂ ಬಣ್ಣಿಸುವ ಪರ್ಷಿಯನ್ ಬರಹವಿದೆ. ಶ್ರೀರಂಗಪಟ್ಟಣದ ದರಿಯಾ ದೌಲತ್ ಅರಮನೆಯನ್ನು ನೋಡಿರುವವರಿಗೆ ಎರಡರ ಹೋಲಿಕೆ ತಟ್ಟನೆ ಗೋಚರಿಸುತ್ತದೆ. ಅಲ್ಲಿ ತೋಟದ ಮಧ್ಯದಲ್ಲಿಯೇ ಅರಮನೆಯಿದೆ, ಗೋಡೆಯ ಚಿತ್ರಗಳು ತುಂಬಿಕೊಂಡಿವೆ. ಇಲ್ಲಿ ತೋಟ ಬೇರೆ, ಅರಮನೆ ಬೇರೆಯಾಗಿದ್ದು, ಬಣ್ಣ ಬಹುಮಟ್ಟಿಗೆ ಮಾಸಿದೆ.

ಕಟ್ಟಡದ ತಳಪಾಯ ಕಲ್ಲಿನದು. ಅದರ ಮೇಲೆ ತೇಗದ ಎತ್ತರದ ಕಂಬಗಳು ಕಲ್ಲಿನ ಪೀಠದ ಮೇಲೆ ನಿಂತು, ನೆಲದಿಂದ ಮೇಲ್ಮಾಳಿಗೆಯ ಚಾವಣಿಯವರೆಗೆ ಒಂದೇ ಏರಿನಲ್ಲಿ ಹೋಗುತ್ತವೆ. ಕಂಬಗಳ ನಡುವೆ ದಳದಳವಾಗಿ ಕೊರೆದ ಕಮಾನುಗಳಿವೆ. ಮೇಲ್ಮಾಳಿಗೆಯಲ್ಲಿ ಮುಂಚಾಚಿರುವ ಮೊಗಸಾಲೆಗಳು ಪೂರ್ವಕ್ಕೂ ಪಶ್ಚಿಮಕ್ಕೂ ಮುಖಮಾಡಿವೆ. ಮೂಲೆಗಳಲ್ಲಿರುವ ನಾಲ್ಕು ಸಣ್ಣ ಕೋಣೆಗಳು ರಾಣಿವಾಸದವರಿಗೆ ಮೀಸಲಾಗಿದ್ದವೆಂದು ತಿಳಿದುಬರುತ್ತದೆ.

ಸಾಮಾನ್ಯವಾಗಿ ಮಕ್ಕಳು ಇಲ್ಲಿ ಕೇಳುವುದು, ರಾಜರು ಮಲಗುತ್ತಿದ್ದುದು ಎಲ್ಲಿ ಎಂದು. ಈ ಪ್ರಶ್ನೆಗೆ ಮೇಲೆ ಹೇಳಿದ ಬುಕಾನನ್‌ನ ಬರವಣಿಗೆಯಲ್ಲಿ ಉತ್ತರವಿದೆ. ಅರಮನೆ ಇನ್ನೂ ಇಡಿಯಾಗಿದ್ದಾಗ ಅದನ್ನು ನೋಡಿದ ಆತನು, ಮಣ್ಣಿನಿಂದ ಕಟ್ಟಿದ್ದರೂ ಅದಕ್ಕೊಂದು ವೈಭವವಿದೆಯೆಂದು ಒಪ್ಪಿಕೊಂಡು, ಖಾಸಗಿ ಕೋಣೆಗಳು ಚಿಕ್ಕವೂ ಅನನುಕೂಲವೂ ಆಗಿವೆಯೆಂದು ದಾಖಲಿಸಿದ್ದಾನೆ. ಸ್ನಾನದ ಮನೆಯೂ ಒಬ್ಬರು ಕುಳಿತು ಮೈಮೇಲೆ ನೀರು ಹುಯ್ಯಿಸಿಕೊಳ್ಳುವಷ್ಟು ಮಾತ್ರ. ದೊಡ್ಡದಾಗಿ, ಬಣ್ಣ ಬಳಿದು ಅಲಂಕರಿಸಿದ್ದುದು ಸಾರ್ವಜನಿಕ ಉಪಯೋಗದ ಭಾಗಗಳನ್ನು ಮಾತ್ರ.

ಆ ವರ್ಣನೆಯ ಪ್ರಕಾರ ಮೇಲ್ಮಾಳಿಗೆಯಲ್ಲಿ ನಾಲ್ಕು ಹಜಾರಗಳು, ಪ್ರತಿಯೊಂದರಲ್ಲೂ ದೊರೆಗೆ ಎರಡು ಮೊಗಸಾಲೆಗಳು ಇದ್ದು, ಪ್ರತಿಯೊಂದು ಮೊಗಸಾಲೆಯೂ ಒಂದೊಂದು ಕಚೇರಿಯ ಅಂಗಳಕ್ಕೆ ಅಭಿಮುಖವಾಗಿತ್ತು. ಕಚೇರಿ ಎಂಬ ಪದವನ್ನು ಬುಕಾನನ್ ಸಹ ಹಾಗೆಯೇ ಬಳಸಿದ್ದಾನೆ. ಸುಲ್ತಾನರ ಬಳಿ ಹಜಾರದೊಳಗೆ ನಂಬಿಕೆಯ ಕಾವಲುಗಾರರ ಹೊರತು ಬೇರೆ ಯಾರಿಗೂ ಪ್ರವೇಶವಿರಲಿಲ್ಲ. ಅಂಗಳದ ಎರಡೂ ತುದಿಗಳಲ್ಲಿ ಉನ್ನತ ಅಧಿಕಾರಿಗಳಿಗೆ ಬೇರೆ ಮೊಗಸಾಲೆಗಳಿದ್ದವು. ಕೆಳದರ್ಜೆಯ ನೌಕರರು ದೊರೆಯ ಮೊಗಸಾಲೆಯ ಕೆಳಗೆ, ಆ ಎತ್ತರದ ಕಂಬಗಳ ನಡುವಣ ತೆರೆದ ಪಡಸಾಲೆಯಲ್ಲಿ ಇರುತ್ತಿದ್ದರು. ಜನಸಾಮಾನ್ಯರಿಗೆ ಬಯಲಂಗಳಕ್ಕೆ ಪ್ರವೇಶವಿದ್ದು, ಗಾಳಿ ತಂಪಾಗಲೆಂದು ಅಲ್ಲಿ ನೀರಿನ ಕಾರಂಜಿಗಳನ್ನು ಹಾಕಲಾಗಿತ್ತು.

ಸರ್ಕಾರಿ ಕಚೇರಿಗೆ ಒಮ್ಮೆಯಾದರೂ ಅರ್ಜಿ ಹಿಡಿದು ಹೋಗಿರುವ ನಾಗರಿಕರಿಗೆ ಈ ವಿನ್ಯಾಸ ಅಪರಿಚಿತವೆನಿಸುವುದಿಲ್ಲ. ಕಾಯುವವರು ಬಯಲಿನಲ್ಲಿ, ಗುಮಾಸ್ತರು ನೆರಳಿನಲ್ಲಿ, ತೀರ್ಮಾನಿಸುವವರು ಮೇಲ್ಗಡೆ. ಕಾಯುವವರ ಬಿಸಿಲಿಗೆ ಕಾರಂಜಿಯ ಏರ್ಪಾಡು ಮಾಡಿದ್ದನ್ನು ಮಾತ್ರ ಗಮನಿಸಬೇಕು.

ಆದ್ದರಿಂದ ಅರಮನೆಯನ್ನು ನೋಡುವವರು ನೇರವಾಗಿ ಮೆಟ್ಟಿಲೇರದೆ, ಮೊದಲು ಕಟ್ಟಡದ ಎದುರಿನ ಬಯಲಿನಲ್ಲಿ ಸ್ವಲ್ಪ ಹೊತ್ತು ನಿಂತು ತಲೆಯೆತ್ತಿ ಮೊಗಸಾಲೆಯ ಕಡೆ ನೋಡುವುದು ಸೂಕ್ತ. ಮೆಟ್ಟಿಲುಗಳು ಇಕ್ಕಟ್ಟಾಗಿಯೂ ಕಡಿದಾಗಿಯೂ ಇರುವುದರಿಂದ ಅಜ್ಜಿಯವರಿಗೆ ಮೇಲೆ ಹೋಗಲು ಸಾಧ್ಯವಾಗದಿರಬಹುದು. ಅದಕ್ಕಾಗಿ ಅವರು ಬೇಸರಪಡುವ ಅಗತ್ಯವಿಲ್ಲ. ಈ ಕಟ್ಟಡವನ್ನು ಯಾರ ಕಣ್ಣಿಗೆ ಕಾಣಲೆಂದು ಕಟ್ಟಲಾಯಿತೋ ಅವರ ಸ್ಥಾನದಲ್ಲಿಯೇ ಅವರು ಇರುತ್ತಾರೆ. ಮಕ್ಕಳನ್ನು ಮೇಲೆ ಕಳುಹಿಸಿ, ಅಲ್ಲಿಂದ ಅಜ್ಜಿಯನ್ನು ಕೂಗಿ ಮಾತನಾಡಿಸುವಂತೆ ಹೇಳಿದರೆ, ದೊರೆಗೂ ಪ್ರಜೆಗೂ ಇದ್ದ ದೂರ ಎಷ್ಟೆಂಬುದು ಪಾಠಪುಸ್ತಕಕ್ಕಿಂತ ಚೆನ್ನಾಗಿ ತಿಳಿಯುತ್ತದೆ. ಮಾತಿನ ಧ್ವನಿ ತಗ್ಗಿಸಿರಬೇಕೆಂದು ಮಾತ್ರ ಸೂಚಿಸತಕ್ಕದ್ದು.

ನೆಲ ಅಂತಸ್ತಿನ ಕೋಣೆಗಳಲ್ಲಿ ಸಣ್ಣ ವಸ್ತುಪ್ರದರ್ಶನವಿದೆ. ಟಿಪ್ಪುವಿನ ಪ್ರಸಿದ್ಧ ಯಾಂತ್ರಿಕ ಹುಲಿಯ ಮೂಲಪ್ರತಿಯನ್ನು ಹುಡುಕುವವರು, ಅದು ಲಂಡನ್ನಿನ ವಿಕ್ಟೋರಿಯಾ ಮತ್ತು ಆಲ್ಬರ್ಟ್ ವಸ್ತುಸಂಗ್ರಹಾಲಯದಲ್ಲಿರುವುದನ್ನು ಗಮನಿಸಬೇಕು.

ಕಚೇರಿಯಾಗಿದ್ದ ಈ ಕಟ್ಟಡವು ದೊರೆ ಹೋದ ಮೇಲೂ ಕಚೇರಿಯಾಗಿಯೇ ಮುಂದುವರಿಯಿತು. 1831ರಲ್ಲಿ ಮೈಸೂರು ಸಂಸ್ಥಾನದ ಆಡಳಿತವನ್ನು ಬ್ರಿಟಿಷರು ವಹಿಸಿಕೊಂಡ ನಂತರ ಕಮಿಷನರ್ ಆಡಳಿತದ ಸಚಿವಾಲಯ ಇಲ್ಲಿ ನಡೆಯಿತು. 1834ರಿಂದ 1861ರವರೆಗೆ ಕಮಿಷನರ್ ಆಗಿದ್ದ ಸರ್ ಮಾರ್ಕ್ ಕಬ್ಬನ್ ಅವರ ಕಾಲದ ಆಡಳಿತವೂ ಇದೇ ತೇಗದ ಕಂಬಗಳ ನಡುವಿನಿಂದಲೇ ನಡೆಯಿತು. 1868ರಲ್ಲಿ ಕಚೇರಿಗಳು ಹೊಸದಾಗಿ ಕಟ್ಟಿದ ಕೆಂಪು ಕಟ್ಟಡಕ್ಕೆ ಸ್ಥಳಾಂತರಗೊಂಡವು. ಅಲ್ಲಿ ಹದಿನೆಂಟು ಇಲಾಖೆಗಳಿದ್ದುದರಿಂದ ಅದಕ್ಕೆ ಅಠಾರಾ ಕಚೇರಿ ಎಂಬ ಹೆಸರು ಬಂದಿತು. ಈಗ ಅದು ಕರ್ನಾಟಕ ಉಚ್ಚ ನ್ಯಾಯಾಲಯ. ಅದರ ಎದುರಿಗೆ ವಿಧಾನಸೌಧ. ರಾಜ್ಯದ ಕಚೇರಿಗಳ ವಂಶಾವಳಿಯನ್ನು ಹುಡುಕಿಕೊಂಡು ಹಿಂದೆ ಹೋದರೆ ಮಾರುಕಟ್ಟೆಯ ಗದ್ದಲದ ನಡುವಿನ ಈ ಮರದ ಕಟ್ಟಡಕ್ಕೆ ಬಂದು ನಿಲ್ಲಬೇಕಾಗುತ್ತದೆ.

ಮರ ಹಾಗೂ ಗಾರೆಯ ವಿಷಯ

ಕಲ್ಲಿನ ಸ್ಮಾರಕದ ಮೇಲೆ ಒರಗಿ ನಿಂತರೆ ಹೆಚ್ಚೇನೂ ಆಗುವುದಿಲ್ಲವೆಂದು ಜನರು ಭಾವಿಸುವುದುಂಟು. ಇಲ್ಲಿರುವುದು ಮರ, ಮಣ್ಣು ಮತ್ತು ಬಣ್ಣದ ಗಾರೆ. ಅಂಗೈಯ ಬೆವರು ಸಹ ಬಣ್ಣವನ್ನು ಸವೆಸುತ್ತದೆ. ಕೀಲಿಕೈಯಿಂದ ಕೊರೆದ ಹೆಸರನ್ನು ಅಳಿಸಬೇಕಾದರೆ ಅದರೊಂದಿಗೆ 18ನೆಯ ಶತಮಾನದ ಮೇಲ್ಪದರವನ್ನೂ ಕೆರೆಯಬೇಕಾಗುತ್ತದೆ. ಪ್ರಾಚೀನ ಸ್ಮಾರಕಗಳು ಹಾಗೂ ಪುರಾತತ್ವ ಸ್ಥಳಗಳು ಮತ್ತು ಅವಶೇಷಗಳ ಅಧಿನಿಯಮ, 1958ರ ಪ್ರಕಾರ ಸಂರಕ್ಷಿತ ಸ್ಮಾರಕಕ್ಕೆ ಹಾನಿಯುಂಟುಮಾಡುವವರಿಗೆ ಎರಡು ವರ್ಷಗಳವರೆಗಿನ ಕಾರಾವಾಸ ಅಥವಾ ಒಂದು ಲಕ್ಷ ರೂಪಾಯಿಗಳವರೆಗಿನ ದಂಡ ಅಥವಾ ಇವೆರಡನ್ನೂ ವಿಧಿಸಬಹುದಾಗಿರುತ್ತದೆ. ಮಕ್ಕಳು ಕಂಬವನ್ನು ಮುಟ್ಟಲು ಬಯಸಿದರೆ, ಕೆಳಗಿನ ಕಲ್ಲಿನ ಪೀಠವನ್ನು ಮುಟ್ಟಿ ನೋಡಲು ಹೇಳಬಹುದು. ಒಳಗೆ ಆಹಾರ ಸೇವನೆಗೆ ಅವಕಾಶವಿರುವುದಿಲ್ಲ. ಕ್ಯಾಮೆರಾಗೆ ಮೂರು ಕಾಲಿನ ಆಧಾರ ಬಳಸಬೇಕಿದ್ದಲ್ಲಿ ಮುಂಚಿತವಾಗಿ ಅನುಮತಿ ಪಡೆಯಬೇಕು.

ಅಕ್ಕಪಕ್ಕದ ನಿವೇಶನ ಹಾಗೂ ಕಟ್ಟಡ ಮಾಲೀಕರ ಗಮನಕ್ಕೆ

ಅರಮನೆ ಹಾಗೂ ಕೋಟೆಯ ಸುತ್ತಮುತ್ತ ಮನೆ ಅಥವಾ ಅಂಗಡಿ ಹೊಂದಿರುವವರು ಕಟ್ಟಡ ಪರವಾನಗಿಗೆ ಅರ್ಜಿ ಸಲ್ಲಿಸಿದ ನಂತರ ತೊಂದರೆಗೊಳಗಾಗುವ ಪ್ರಕರಣಗಳಿಗೆ ಮುಖ್ಯ ಕಾರಣ ಅಳತೆಯ ತಪ್ಪು ತಿಳುವಳಿಕೆ. 2010ರಲ್ಲಿ ತಿದ್ದುಪಡಿಯಾದ ಮೇಲ್ಕಂಡ ಅಧಿನಿಯಮದ ಪ್ರಕಾರ ಸಂರಕ್ಷಿತ ಪ್ರದೇಶದ ಎಲ್ಲೆಯಿಂದ 100 ಮೀಟರ್‌ವರೆಗೆ ನಿಷೇಧಿತ ಪ್ರದೇಶ, ಅಲ್ಲಿಂದ ಮುಂದಿನ 200 ಮೀಟರ್ ನಿಯಂತ್ರಿತ ಪ್ರದೇಶವಾಗಿರುತ್ತದೆ. ಅಳತೆಯನ್ನು ಅರಮನೆಯ ಗೋಡೆಯಿಂದ ಅಲ್ಲ, ಸಂರಕ್ಷಿತ ಆವರಣದ ಎಲ್ಲೆಯಿಂದ ತೆಗೆದುಕೊಳ್ಳಲಾಗುತ್ತದೆ. ಕೋಟೆಯ ಉಳಿದ ಭಾಗವೂ ಸಂರಕ್ಷಿತವಾಗಿರುವುದರಿಂದ ಅರಮನೆಯಿಂದ ದೂರವಿರುವ ನಿವೇಶನವೂ ಕೋಟೆಯ ಲೆಕ್ಕದಲ್ಲಿ ಈ ವ್ಯಾಪ್ತಿಗೆ ಒಳಪಡಬಹುದು.

ನಿಷೇಧಿತ ಪ್ರದೇಶದಲ್ಲಿ ಖಾಸಗಿಯವರಿಂದ ಹೊಸ ನಿರ್ಮಾಣಕ್ಕೆ ಅವಕಾಶವಿರುವುದಿಲ್ಲ. 1992ರ ಜೂನ್ 16ಕ್ಕೆ ಮೊದಲು ಇದ್ದ ಕಟ್ಟಡಗಳ ದುರಸ್ತಿ ಅಥವಾ ನವೀಕರಣಕ್ಕೆ ಅನುಮತಿ ಕೋರಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣ, ಮರುನಿರ್ಮಾಣ, ದುರಸ್ತಿ ಎಲ್ಲಕ್ಕೂ ಪೂರ್ವಾನುಮತಿ ಅಗತ್ಯ. ಅರ್ಜಿಯನ್ನು ಸಕ್ಷಮ ಪ್ರಾಧಿಕಾರಕ್ಕೆ ಸಲ್ಲಿಸಬೇಕಾಗಿದ್ದು, ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರದ ಶಿಫಾರಸಿನ ನಂತರ ನಿರಾಕ್ಷೇಪಣಾ ಪತ್ರವನ್ನು ನೀಡಲಾಗುತ್ತದೆ. ಸ್ಥಳೀಯ ಸಂಸ್ಥೆಯ ನಕ್ಷೆ ಮಂಜೂರಾತಿ ಇದಕ್ಕೆ ಬದಲಿಯಾಗುವುದಿಲ್ಲ. ಹಳೆಯ ಕಟ್ಟಡವು 1992ಕ್ಕೆ ಮೊದಲೇ ಇದ್ದಿತೆಂಬುದನ್ನು ತೋರಿಸಲು ಅಂದಿನ ಕಂದಾಯ ರಸೀದಿ, ಮಂಜೂರಾದ ನಕ್ಷೆ, ವಿದ್ಯುತ್ ಸಂಪರ್ಕದ ದಾಖಲೆಗಳಂತಹ ಕಾಗದಪತ್ರಗಳನ್ನು ಅರ್ಜಿ ಸಲ್ಲಿಸುವ ಮೊದಲೇ ಹುಡುಕಿ ಇಟ್ಟುಕೊಂಡಲ್ಲಿ ಪದೇಪದೇ ಕಚೇರಿಗೆ ಬರುವುದು ತಪ್ಪುತ್ತದೆ.